ಬಿಜಿಯೊ ತಿಂದ 285 ಪೆಟ್ಟು: ಜಮಾಕ್ಕೆ ಬರೆಯೋದೋ, ಖರ್ಚಿಗೋ?

ಕಿರ್ದಿ_ಹ್ಯೂಸ್ಟನ್:

ನಮಸ್ಕಾರ. ಇಲ್ಲಿ ಬೇಸ್‌ಬಾಲ್ ನೋಡುವವರು ಕೆಲವರಾದರೂ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳ್ತಿದ್ದೇನೆ. ಲೆಕ್ಕಪತ್ರ ಬರೆದು ಅಭ್ಯಾಸ ಇರುವವರು ಇದ್ದರೆ ಇನ್ನೂ ಒಳ್ಳೆಯದು. ನನ್ನ ಪ್ರಶ್ನೆ ಅರ್ಧ ಆಟದ್ದು, ಅರ್ಧ ಲೆಕ್ಕದ್ದು.

ನಾನು ಸಾಗರದ ಕಡೆಯವನು. ಅಪ್ಪಯ್ಯ ಅಡಿಕೆ ಮಂಡಿಯಲ್ಲಿ ಕಿರ್ದಿ ಬರೆಯುತ್ತಿದ್ದರು. 2001ರಲ್ಲಿ ನಾನು ಕೆಲಸಕ್ಕೆ ಅಂತ ಹ್ಯೂಸ್ಟನ್‌ಗೆ ಹೊರಟಾಗ ಸೂಟ್‌ಕೇಸಿನೊಳಗೆ ಕೆಂಪು ಬಟ್ಟೆ ರಟ್ಟಿನ ಒಂದು ಉದ್ದನೆಯ ಖಾಲಿ ಪುಸ್ತಕ ಇಟ್ಟು, ‘ಬಂದದ್ದು ಹೋದದ್ದು ಎರಡನ್ನೂ ಬರೆದಿಡು’ ಅಂದಿದ್ದರು. ಸಂಬಳ, ಬಾಡಿಗೆಯ ಲೆಕ್ಕ ಎರಡು ಪುಟ ತುಂಬಿದೆ. ಮೂರನೇ ಪುಟದಿಂದ ಮುಂದೆ ಇರುವುದು ಕ್ರೇಗ್ ಬಿಜಿಯೊ ಮೈಗೆ ಬಿದ್ದ ಚೆಂಡುಗಳ ಲೆಕ್ಕ.

ಬಿಜಿಯೊ ಗೊತ್ತಿಲ್ಲದವರಿಗೆ: 1988ರಿಂದ 2007ರವರೆಗೆ 20 ಸೀಸನ್, ಒಂದೇ ತಂಡ, ಹ್ಯೂಸ್ಟನ್ ಆಸ್ಟ್ರೋಸ್. ನಂಬರ್ 7. ಶುರುವಿನಲ್ಲಿ ಕ್ಯಾಚರ್, ಆಮೇಲೆ ಎರಡನೇ ಬೇಸ್, ನಡುವೆ ಸ್ವಲ್ಪ ಕಾಲ ಔಟ್‌ಫೀಲ್ಡ್, ಮತ್ತೆ ಎರಡನೇ ಬೇಸ್. ಹಿಡಿತಕ್ಕೆ ಅಂತ ಬ್ಯಾಟಿಗೆ ಹಚ್ಚುವ ಪೈನ್ ಟಾರ್ ಅವನ ಹೆಲ್ಮೆಟ್ ಮೇಲೆಲ್ಲ ಮೆತ್ತಿ ಕಪ್ಪು ಹಿಡಿದಿರುತ್ತಿತ್ತು. ಎಡ ಮೊಣಕೈಗೆ ಒಂದು ದಪ್ಪ ಕವಚ. ಒಟ್ಟು 3,060 ಹಿಟ್. ಪಿಚರ್ ಎಸೆದ ಚೆಂಡು ಮೈಗೆ ತಗುಲಿದ್ದು 285 ಸಲ. ಹಾಗೆ ತಗುಲಿದರೆ ಬ್ಯಾಟರ್‌ಗೆ ಮೊದಲ ಬೇಸ್ ಪುಕ್ಕಟೆ; ಅಲ್ಲಿಂದ ಉಳಿದ ಬೇಸ್‌ಗಳನ್ನೂ ಸುತ್ತಿ ವಾಪಸ್ ಬಂದರೆ ಒಂದು ರನ್.

ಪುಕ್ಕಟೆ ಅಂತ ಬರೆದೆ. ತಪ್ಪು ಪದ. ಸುಮಾರು 145 ಗ್ರಾಂ ತೂಕದ ಗಟ್ಟಿ ಚೆಂಡು, ಗಂಟೆಗೆ 140–145 ಕಿಲೋಮೀಟರ್ ವೇಗದಲ್ಲಿ, ಅರವತ್ತು ಅಡಿ ದೂರದಿಂದ. ಅರ್ಧ ಸೆಕೆಂಡೂ ಸಿಗುವುದಿಲ್ಲ.

ಮೊದಲ ಸಲ ಕ್ರೀಡಾಂಗಣಕ್ಕೆ ಹೋದದ್ದು ಬಂದ ವರ್ಷವೇ. ಆಗ ಅದರ ಹೆಸರು ಎನ್ರಾನ್ ಫೀಲ್ಡ್. ಆಮೇಲೆ ಬೋರ್ಡು ಎಷ್ಟು ಸಲ ಬದಲಾಯಿತೋ. ಆಟ ಒಂದಿಷ್ಟೂ ಅರ್ಥವಾಗಿರಲಿಲ್ಲ. ಏಳನೇ ನಂಬರಿನವನು ಬಂದು ಪ್ಲೇಟಿಗೆ (ಬ್ಯಾಟರ್ ಪಕ್ಕ ನೆಲದಲ್ಲಿರುವ ಬಿಳಿ ಹಲಗೆ) ಅಂಟಿಕೊಂಡ ಹಾಗೆ ನಿಂತ. ಚೆಂಡು ಬಂದು ಮೊಣಕೈಗೆ ಬಡಿದ ಸದ್ದು ಮೇಲಿನ ಅಂತಸ್ತಿನಲ್ಲಿ ಕೂತ ನನಗೂ ಕೇಳಿಸಿತು. ಇನ್ನೇನು ಜಗಳ ಅಂದುಕೊಂಡೆ. ಅವನು ಪಿಚರ್ ಕಡೆ ತಿರುಗಿಯೂ ನೋಡಲಿಲ್ಲ. ಬ್ಯಾಟು ಕೆಳಗಿಟ್ಟು, ಪಕ್ಕದ ಮನೆಗೆ ಮಜ್ಜಿಗೆ ತರಲು ಹೊರಟವನ ಹಾಗೆ ಮೊದಲ ಬೇಸಿಗೆ ಓಡಿದ. ನನ್ನ ಪಕ್ಕ ಕೂತಿದ್ದ ಮುದುಕರು ಜೇಬಿನಿಂದ ಕಾಗದ ತೆಗೆದು ಒಂದು ಗೀಟು ಎಳೆದು ಮಡಚಿಟ್ಟರು. ಮನೆಗೆ ಬಂದು ಅಪ್ಪಯ್ಯ ಕೊಟ್ಟ ಪುಸ್ತಕ ತೆಗೆದೆ.

2000ದ ಕೊನೆಗೆ ಅವನ ಮೈಮೇಲೆ 169 ಆಗಿತ್ತು. ಆ ಹಳೆಯ ಬಾಕಿಯನ್ನು ದಾಖಲೆ ನೋಡಿ ತುಂಬಿಸಿದೆ. ನಾನು ಬಂದ ಮೇಲಿನದು 116. ಅಷ್ಟನ್ನೂ ಟಿವಿ, ರೇಡಿಯೊ, ಮರುದಿನದ ಪತ್ರಿಕೆ ನೋಡಿ ಒಂದೊಂದಾಗಿ ಬರೆದದ್ದು. ಪ್ರತಿ ಸಾಲಿನಲ್ಲಿ ತಾರೀಖು, ಪಿಚರ್, ಎಷ್ಟನೇ ಇನಿಂಗ್, ಎಲ್ಲಿ ಬಿತ್ತು ಅಂತ ಇದೆ. ಹೇಗೆ ಬಿತ್ತು ಅನ್ನೋದಕ್ಕೆ ನಾನೇ ನಾಲ್ಕು ದರ್ಜೆ ಮಾಡಿದ್ದೇನೆ: ಸವರಿತು, ತಾಗಿತು, ಬಡಿಯಿತು, ಬಾತಿತು. ಅಂಗಿಯ ಮಡಿಕೆಗಷ್ಟೇ ಮುಟ್ಟಿದರೆ ‘ಸವರಿತು’. ಅವನೂ ಒಂದು ಸಲ ಮೈ ಕೊಡವಿದರೆ ‘ಬಾತಿತು’. ಮಂಡಿಯಲ್ಲಿ ಅಡಿಕೆಗೆ ರಾಶಿ, ಬೆಟ್ಟೆ, ಗೊರಬಲು ಅಂತ ದರ್ಜೆ ಇರುತ್ತದಲ್ಲ, ಹಾಗೆ.

ಈಗ ಪ್ರಶ್ನೆ. ಕಿರ್ದಿಯಲ್ಲಿ ಎಡಕ್ಕೆ ಜಮಾ, ಬಲಕ್ಕೆ ಖರ್ಚು. ನಾನು ಇಷ್ಟೂ ವರ್ಷ ಪೆಟ್ಟನ್ನು ಖರ್ಚಿಗೆ ಬರೆದು, ಆ ಪೆಟ್ಟಿನಿಂದ ಬೇಸಿಗೆ ಹೋದವನು ರನ್ ಮಾಡಿದರೆ ಮಾತ್ರ ಜಮಾಕ್ಕೆ ಬರೆಯುತ್ತಾ ಬಂದಿದ್ದೇನೆ. ಹೈಸ್ಕೂಲಿನಲ್ಲಿರುವ ಮಗಳು ಹೋದ ವಾರ ಪುಸ್ತಕ ನೋಡಿ ಹೇಳಿದಳು: ‘ಅಪ್ಪಾ, ಬೇಸ್ ಸಿಕ್ಕಿದ್ದೇ ಜಮಾ ಅಲ್ವಾ? ರನ್ ಆಗಲಿ ಬಿಡಲಿ, ಅವನು ಔಟ್ ಆಗಲಿಲ್ಲವಲ್ಲ. ನೀನು ಅವನನ್ನ ಸಾಲಗಾರನ ಹಾಗೆ ತೋರಿಸಿದ್ದೀಯ.’ ಅದು ನನ್ನ ತಲೆಗೆ ಹೊಕ್ಕಿಬಿಟ್ಟಿದೆ. 1997ರ ಪುಟ ತೆಗೆದು ನೋಡಿದೆ. ಆ ವರ್ಷ 34 ಪೆಟ್ಟು, 146 ರನ್, 162 ಪಂದ್ಯದಲ್ಲಿ ಒಂದು ಸಲವೂ ಡಬಲ್ ಪ್ಲೇಗೆ (ಒಂದೇ ಹೊಡೆತಕ್ಕೆ ಇಬ್ಬರು ಔಟ್) ಬಿದ್ದಿಲ್ಲ. ಅಂಥ ವರ್ಷವನ್ನು ನನ್ನ ಪುಸ್ತಕ ನಷ್ಟದ ವರ್ಷ ಅನ್ನುತ್ತದೆ.

ಜೊತೆಗೆ ಅವಳು ಇನ್ನೊಂದು ಕೇಳಿದಳು, ಅದಕ್ಕೆ ನನ್ನ ಬಳಿ ಉತ್ತರ ಇಲ್ಲ: ‘ಅವನು ಯಾಕೆ ಪಕ್ಕಕ್ಕೆ ಸರಿಯಲಿಲ್ಲ?’

ಪೆಟ್ಟನ್ನು ಯಾವ ಕಡೆ ಬರೆಯಬೇಕು? ‘ಸರಿದನೇ ಇಲ್ಲವೇ’ ಅನ್ನುವ ಕಲಂ ಬೇಕೇ? ತಿಳಿದವರು ಹೇಳಿ. ಪುಸ್ತಕವನ್ನು ಹೊಸದಾಗಿ ನಕಲು ಮಾಡಬೇಕು ಅಂತಿದ್ದೇನೆ.

ಪ್ಲೇಟ್‌_ಹಿಂದೆ:

ಕ್ಯಾಲಿಫೋರ್ನಿಯಾದಿಂದ. ಶನಿವಾರ ಭಾನುವಾರ ಮಕ್ಕಳ ಲೀಗಿನಲ್ಲಿ ಅಂಪೈರಿಂಗ್ ಮಾಡ್ತೀನಿ, 11 ವರ್ಷ ಆಯ್ತು. ಎರಡನೇ ಪ್ರಶ್ನೆಗೆ ಉತ್ತರ ಹೇಳ್ತೀನಿ: ಕಲಂ ಬೇಕೇ ಬೇಕು. ನಿಯಮವೇ ಅದನ್ನ ಕೇಳುತ್ತೆ.

ಚೆಂಡು ಸ್ಟ್ರೈಕ್ ಜಾಗದಲ್ಲಿದ್ದು (ಅಂದ್ರೆ ಪ್ಲೇಟ್ ಮೇಲೆ, ಬ್ಯಾಟರ್ ಹೊಡೆಯಬಹುದಾದ ಎತ್ತರದಲ್ಲಿ) ಮೈಗೆ ತಗುಲಿದರೆ ಅದು ಸ್ಟ್ರೈಕ್, ಮೂರಾದರೆ ಔಟ್. ಹೊರಗಿದ್ದು ತಗುಲಿದರೆ, ಬ್ಯಾಟರ್ ತಪ್ಪಿಸಿಕೊಳ್ಳೋ ಪ್ರಯತ್ನ ಮಾಡಿರಬೇಕು. ಮಾಡದಿದ್ದರೆ ಬರೀ ‘ಬಾಲ್’ (ಜಾಗ ತಪ್ಪಿದ ಎಸೆತ) ಅಂತ ಲೆಕ್ಕ, ಬೇಸ್ ಇಲ್ಲ. ಓದಿದರೆ ಸಲೀಸು. ಪ್ಲೇಟ್ ಹಿಂದೆ ಮಂಡಿ ಬಗ್ಗಿಸಿ ನಿಂತವನಿಗೆ ಮಾತ್ರ ಗೊತ್ತು ಇದರ ಕಷ್ಟ. ಮರಗಟ್ಟಿ ನಿಂತದ್ದೋ, ಬೇಕಂತ ನಿಂತದ್ದೋ? ಎರಡೂ ಕಣ್ಣಿಗೆ ಒಂದೇ ಥರ ಕಾಣುತ್ತೆ. ಅದಕ್ಕೇ ಮುಕ್ಕಾಲು ಪಾಲು ಅಂಪೈರ್‌ಗಳು ‘ಹೋಗಪ್ಪ ಬೇಸಿಗೆ’ ಅಂತ ಕೈ ತೋರಿಸಿಬಿಡ್ತಾರೆ.

ಕೈ ತೋರಿಸದೇ ಇದ್ದ ಒಂದು ಸಲ ಇಡೀ ದೇಶ ಮಾತಾಡಿತು. 1968ರ ಮೇ 31, ಲಾಸ್ ಏಂಜಲೀಸ್. ಡಾಜರ್ಸ್ ಪಿಚರ್ ಡಾನ್ ಡ್ರೈಸ್‌ಡೇಲ್ ಸತತವಾಗಿ ರನ್ ಕೊಡದೆ ಬಂದಿದ್ದ. ಒಂಬತ್ತನೇ ಇನಿಂಗ್, ಮೂರೂ ಬೇಸ್ ತುಂಬಿವೆ, ಯಾರೂ ಔಟ್ ಇಲ್ಲ. ಜಯಂಟ್ಸ್ ಕ್ಯಾಚರ್ ಡಿಕ್ ಡೀಟ್ಜ್ ತೋಳಿಗೆ ಚೆಂಡು ತಗುಲಿತು. ಬೇಸ್ ಕೊಟ್ಟಿದ್ದರೆ ಒಂದು ರನ್ ಒಳಗೆ, ಡ್ರೈಸ್‌ಡೇಲ್ ಸರಣಿ ಅಲ್ಲಿಗೆ ಮುಗಿಯುತ್ತಿತ್ತು. ಅಂಪೈರ್ ಹ್ಯಾರಿ ವೆಂಡಲ್‌ಸ್ಟೆಟ್, ಡೀಟ್ಜ್ ತಪ್ಪಿಸಿಕೊಳ್ಳಲಿಲ್ಲ ಅಂತ ಬೇಸ್ ಕೊಡಲೇ ಇಲ್ಲ. ಡೀಟ್ಜ್ ಆಮೇಲೆ ಮೇಲಕ್ಕೆ ಹೊಡೆದು ಔಟ್ ಆದ. ಡ್ರೈಸ್‌ಡೇಲ್ 58⅔ ಇನಿಂಗ್‌ವರೆಗೆ ಹೋದ. ನಿಮ್ಮ ಪುಸ್ತಕದ ಭಾಷೆಯಲ್ಲಿ ಹೇಳಬೇಕಂದ್ರೆ ಡೀಟ್ಜ್‌ಗೆ ಖರ್ಚು ಬಿತ್ತು, ಜಮಾ ಬರಲಿಲ್ಲ.

ನಾನೂ ಒಂದು ಸಲ ಹಾಗೆ ಮಾಡಿದ್ದೀನಿ. ಹತ್ತು ವರ್ಷದ ಹುಡುಗ, ಮೆಲ್ಲಗೆ ಬಂದ ಚೆಂಡಿಗೆ ಮೊಣಕೈ ಮುಂದೆ ಚಾಚಿದ. ‘ಬಾಲ್’ ಅಂದೆ. ಅವನ ತಾಯಿ ಬೇಲಿ ಹಿಡಕೊಂಡು ಕೂಗಿದರು. ಹುಡುಗ ಮಾತ್ರ ನನ್ನ ಮುಖ ನೋಡಿ, ತುಟಿ ಕಚ್ಚಿ, ಮತ್ತೆ ನಿಂತ. ಮುಂದಿನ ಚೆಂಡನ್ನ ಹೊಡೆದ. ಇವತ್ತಿಗೂ ಆ ತೀರ್ಪು ಸರಿ ಅಂತಲೇ ಹೇಳ್ತೀನಿ, ಆದರೂ ಆ ರಾತ್ರಿ ನಿದ್ದೆ ಬರಲಿಲ್ಲ.

ಬಿಜಿಯೊ ವಿಷಯಕ್ಕೆ ಬಂದರೆ, ಆ ಕವಚ ಇದ್ದದ್ದರಿಂದಲೇ ಅವನು ಕೈ ಹಿಂದಕ್ಕೆ ಎಳೆಯುತ್ತಿರಲಿಲ್ಲ ಅಂತ ನನ್ನ ಅಭಿಪ್ರಾಯ. ನೀವು ಮೊಣಕೈ ಪೆಟ್ಟುಗಳನ್ನ ಬೇರೆ ಪುಟಕ್ಕೆ ಹಾಕಿ.

ಕಿರ್ದಿ_ಹ್ಯೂಸ್ಟನ್:

ಕವಚದ ಮಾತು ಒಪ್ಪುತ್ತೇನೆ, ಅರ್ಧ ಮಾತ್ರ. ಹೀಗೆ ನೋಡಿ. ಮೊದಲ ಆರು ಸೀಸನ್ನಿನಲ್ಲಿ, ಅಂದರೆ 1988ರಿಂದ 1993ರವರೆಗೆ ಅವನ ಪೆಟ್ಟು ಒಟ್ಟು 28. ಆಮೇಲೆ 1995ರಲ್ಲಿ 22, 1996ರಲ್ಲಿ 27, 1997ರಲ್ಲಿ 34. ಏನೋ ಬದಲಾಗಿದ್ದು ಹೌದು. ಆದರೆ ಬದಲಾದದ್ದು ನಿಲ್ಲುವ ಜಾಗವೂ ಹೌದಲ್ಲವೇ? ಪ್ಲೇಟಿಗೆ ಅಂಟಿ ನಿಂತರೆ ಹೊರಗಿನ ಅಂಚಿನ ಚೆಂಡೂ ಬ್ಯಾಟಿಗೆ ಸಿಗುತ್ತದೆ. ಪಿಚರ್ ಅವನನ್ನು ಹಿಂದೆ ತಳ್ಳಲು ಒಳಗೆ ಎಸೆಯಲೇಬೇಕು. ಅವನು ಹಿಂದೆ ಹೋಗುವುದಿಲ್ಲ. ಅವನ ಆ ಹಟಕ್ಕೆ ಯಾವ ಕವಚವೂ ಸಾಲದು. ಬೆನ್ನು, ಪಕ್ಕೆ, ತೊಡೆ ಎಲ್ಲ ಬರಿದೇ ಇದ್ದವು.

ಅದೇ ತಂಡದ ಜೆಫ್ ಬ್ಯಾಗ್ವೆಲ್ ಕೈ 1993, 94, 95 ಮೂರು ವರ್ಷವೂ ಚೆಂಡು ತಗುಲಿ ಮುರಿದಿತ್ತು. ಇದನ್ನೆಲ್ಲ ಡಗೌಟಿನಲ್ಲಿ (ತಂಡದವರು ಕೂರುವ ಜಾಗ) ಕಣ್ಣಾರೆ ಕಂಡೂ ಇವನು ಅಲ್ಲೇ ನಿಂತ.

ಮೊಣಕೈಗೆ ಬೇರೆ ಪುಟ ಮಾಡುತ್ತೇನೆ. ಅದು ಒಳ್ಳೆಯ ಸಲಹೆ.

ನಿವೃತ್ತ_ಕ್ಯಾಶಿಯರ್:

ತಮ್ಮಾ, ನಾನು ಶಿರಸಿಯವಳು, ಬ್ಯಾಂಕಿನಲ್ಲಿ 33 ವರ್ಷ ಕೆಲಸ ಮಾಡಿದವಳು. ಮಗನ ಮನೆಗೆ ಡಲ್ಲಾಸಿಗೆ ಬಂದಾಗ ಎರಡು ಬೇಸಿಗೆ ಈ ಆಟ ನೋಡಿದ್ದೇನೆ. ಆಟ ಪೂರ್ತಿ ತಿಳಿಯದು, ಲೆಕ್ಕ ತಿಳಿದಿದೆ.

ನಿನ್ನ ಮಗಳು ಹೇಳಿದ್ದು ಸರಿ, ನೀನು ಬರೆದದ್ದೂ ತಪ್ಪಲ್ಲ. ಕಿರ್ದಿಯಲ್ಲಿ ನಗದು ಒಂದನ್ನೇ ಬರೆಯುತ್ತೇವೆ, ಅದಕ್ಕೇ ಗೊಂದಲ. ಪೆಟ್ಟು ಅಂದರೆ ಖರೀದಿ. ಬೆಲೆ ಕೊಟ್ಟ, ಮಾಲು ಬಂತು. ಅವನು ಮೈಯಿಂದ ಕೊಟ್ಟದ್ದು ಖರ್ಚಿನ ಕಡೆ, ಬೇಸ್ ಅದೇ ದಿನ ಅದೇ ಸಾಲಿನಲ್ಲಿ ಜಮಾದ ಕಡೆ. ರನ್ ಬಂದರೆ ಅದು ಆ ಮಾಲು ಮಾರಿದ ಲಾಭ, ಅದಕ್ಕೆ ಬೇರೆ ಖಾತೆ ತೆಗೆ. ರನ್ ಬರಲಿಲ್ಲ ಅಂತ ಖರೀದಿಯನ್ನೇ ನಷ್ಟ ಅನ್ನುವುದು ತರವಲ್ಲ. ಅವನ ಹಿಂದೆ ಬಂದವರು ಹೊಡೆಯಲಿಲ್ಲ ಅಂದರೆ ಅದಕ್ಕೆ ಅವನು ಏನು ಮಾಡಿಯಾನು?

ನನಗೆ ಈ ಆಟದಲ್ಲಿ ಹಿಡಿಸಿದ್ದೇ ಇದು, ಪೆಟ್ಟಿಗೆ ಒಂದು ಕಲಂ ಇದೆ. ಕ್ರಿಕೆಟ್ಟಿನಲ್ಲಿ ಇಲ್ಲ. ಮೈಗೆ ತಗುಲಿದ ಚೆಂಡಿಗೆ ಓಡಿದರೆ ಲೆಗ್ ಬೈ, ಅದೂ ಹೊಡೆಯಲೋ ತಪ್ಪಿಸಿಕೊಳ್ಳಲೋ ಯತ್ನಿಸಿದ್ದರೆ ಮಾತ್ರ, ಅದೂ ತಂಡದ ಲೆಕ್ಕಕ್ಕೆ. ಪೆಟ್ಟು ತಿಂದವನ ಹೆಸರಿಗೆ ಏನೂ ಇಲ್ಲ. 2002ರಲ್ಲಿ ಆಂಟಿಗಾದಲ್ಲಿ ಮರ್ವಿನ್ ಡಿಲನ್ ಚೆಂಡು ತಗುಲಿ ನಮ್ಮ ಅನಿಲ್ ಕುಂಬ್ಳೆ ದವಡೆ ಮುರಿಯಿತು. ಮುಖಕ್ಕೆ ಪಟ್ಟಿ ಸುತ್ತಿಕೊಂಡು ಬಂದು 14 ಓವರ್ ಹಾಕಿ ಲಾರಾನನ್ನು ಔಟ್ ಮಾಡಿದರು. ಸ್ಕೋರ್‌ಕಾರ್ಡ್ ತೆಗೆದು ನೋಡು, ಲಾರಾ ವಿಕೆಟ್ ಇದೆ, ದವಡೆ ಇಲ್ಲ. 2021ರಲ್ಲಿ ಬ್ರಿಸ್ಬೇನಿನಲ್ಲಿ ಪೂಜಾರ 211 ಚೆಂಡಿಗೆ 56 ರನ್ ಮಾಡುವಾಗ ಎಷ್ಟು ಸಲ ಮೈಗೆ ಬಡಿಸಿಕೊಂಡ ಎಂದು ಟಿವಿಯವರು ಎಣಿಸಿದರು, ಪುಸ್ತಕ ಎಣಿಸಲಿಲ್ಲ.

ಹಾಗಾಗಿ ನೀನು ಮಾಡುತ್ತಿರುವುದು ದೊಡ್ಡ ಕೆಲಸ. ನಕಲು ಮಾಡುವಾಗ ಹಳೇ ಪುಸ್ತಕ ಬಿಸಾಡಬೇಡ. ಅಪ್ಪಯ್ಯ ಕೊಟ್ಟದ್ದು.

ಹಳೇ_ಚೆಂಡು:

ಎಲ್ಲರೂ ಇಷ್ಟು ಖುಷಿಯಿಂದ ಮಾತಾಡ್ತಿರುವಾಗ ಹೇಳಲು ಕಷ್ಟವಾಗುತ್ತದೆ, ಆದರೂ ಒಂದು ಪುಟವನ್ನು ಬೇರೆ ಇಡಿ ಅಂತ ಕೇಳಿಕೊಳ್ಳುತ್ತೇನೆ.

1920ರ ಆಗಸ್ಟ್ 16, ನ್ಯೂಯಾರ್ಕಿನ ಪೋಲೊ ಗ್ರೌಂಡ್ಸ್. ಕ್ಲೀವ್‌ಲ್ಯಾಂಡ್ ತಂಡದ ರೇ ಚ್ಯಾಪ್‌ಮನ್ ತಲೆಗೆ ಯಾಂಕೀಸ್‌ನ ಕಾರ್ಲ್ ಮೇಸ್ ಎಸೆದ ಚೆಂಡು ತಗುಲಿತು. ಸದ್ದು ಕೇಳಿ ಮೇಸ್, ಚೆಂಡು ಬ್ಯಾಟಿಗೆ ತಾಗಿದೆ ಅಂದುಕೊಂಡು ಉರುಳಿ ಬಂದ ಚೆಂಡನ್ನು ಹಿಡಿದು ಮೊದಲ ಬೇಸಿಗೆ ಎಸೆದ. ಚ್ಯಾಪ್‌ಮನ್ ಮರುದಿನ ಬೆಳಗಿನ ಜಾವ ತೀರಿಕೊಂಡ. ಆಗ ಇಡೀ ಪಂದ್ಯಕ್ಕೆ ಮಣ್ಣು ಹಿಡಿದು ಕಪ್ಪಾದ ಒಂದೇ ಚೆಂಡನ್ನು ತಿರುಗಿಸಿ ಮುರುಗಿಸಿ ಬಳಸುತ್ತಿದ್ದರು. ಆ ಸಾವಿನ ನಂತರ ಕೊಳೆಯಾದ ಚೆಂಡನ್ನು ಕೂಡಲೇ ಬದಲಿಸುವ ಪದ್ಧತಿ ಬಂತು. ಹೆಲ್ಮೆಟ್ ಕಡ್ಡಾಯ ಆಗಲು 1971 ಆಗಬೇಕಾಯಿತು. ಅದಕ್ಕೂ ನಾಲ್ಕು ವರ್ಷ ಮುಂಚೆ, 1967ರ ಆಗಸ್ಟಿನಲ್ಲಿ, ಬಾಸ್ಟನ್ನಿನ ಟೋನಿ ಕೊನಿಗ್ಲಿಯಾರೊಗೆ ಕೆನ್ನೆಯ ಮೂಳೆಗೆ ಬಿದ್ದು ಕಣ್ಣಿಗೇ ಪೆಟ್ಟಾಗಿತ್ತು. ಆಗ ಅವನಿಗೆ 22 ವರ್ಷ.

ಕ್ಯಾಶಿಯರ್ ಅಕ್ಕ ಹೇಳಿದ ಖರೀದಿಯ ಮಾತು ಚೆನ್ನಾಗಿದೆ. ಆದರೆ ಚ್ಯಾಪ್‌ಮನ್ ಸಾಲಿಗೆ ಎದುರು ಬರೆಯಲು ಏನೂ ಇಲ್ಲ.

ಸುವನ್_ಕನ್ನಡಿಗ:

ನಾನು ದಕ್ಷಿಣ ಕೊರಿಯಾದಲ್ಲಿದೀನಿ, ಬೆಂಗಳೂರು ಹುಡುಗ. ಒಂದು ವಿಷಯ ಯಾರೂ ಹೇಳಲಿಲ್ಲ. ಬಿಜಿಯೊ 285, ಅವನ ಮುಂದೆ ಹ್ಯೂಯಿ ಜೆನ್ನಿಂಗ್ಸ್ 287, ಅದು ಅಮೆರಿಕದ ಲೆಕ್ಕ ಅಷ್ಟೇ. ಇಲ್ಲಿ ಎಸ್‌ಎಸ್‌ಜಿ ಲ್ಯಾಂಡರ್ಸ್ ತಂಡದ ಛೋಯ್ ಜಂಗ್ ಅನ್ನೋ ಮೂರನೇ ಬೇಸ್ ಆಟಗಾರ 2021ರ ಆಗಸ್ಟಿನಲ್ಲಿ 288ನೇದು ತಿಂದು ಜೆನ್ನಿಂಗ್ಸ್‌ನ ದಾಟಿಬಿಟ್ಟ. ಆಮೇಲೂ ನಿಲ್ಲಲಿಲ್ಲ, 300 ದಾಟಿ ಮುಂದೆ ಹೋದ. ಬರೀ ಪೆಟ್ಟು ತಿನ್ನೋನಲ್ಲ ಸಾರ್, 2024ರ ಏಪ್ರಿಲ್‌ನಲ್ಲಿ 468ನೇ ಹೋಮ್ ರನ್ ಹೊಡೆದು ಕೊರಿಯಾ ಲೀಗ್ ದಾಖಲೆನೂ ಅವನೇ ಮುರಿದ. ಆ ದಾಖಲೆಗೆ ಒಂದೇ ಒಂದು ಬಾಕಿ ಇದ್ದಾಗ ಅವನ ಪಕ್ಕೆಗೆ ಚೆಂಡು ಬಿದ್ದು ಕೆಲವು ದಿನ ಆಡಲಿಲ್ಲ. ಇಡೀ ಊರು ಉಸಿರು ಬಿಗಿ ಹಿಡಿದಿತ್ತು. ನಾನಂತೂ ಆಫೀಸಲ್ಲಿ ಕೆಲಸ ಬಿಟ್ಟು ಸುದ್ದಿ ನೋಡ್ತಾ ಕೂತಿದ್ದೆ.

ಇಲ್ಲಿ ಇನ್ನೊಂದು ಚೆಂದದ ಪದ್ಧತಿ ಇದೆ. ಚೆಂಡು ತಗುಲಿಸಿದ ಪಿಚರ್ ಟೋಪಿ ತೆಗೆದು ತಲೆ ಬಾಗಿಸ್ತಾನೆ, ಅದರಲ್ಲೂ ಬ್ಯಾಟರ್ ವಯಸ್ಸಿನಲ್ಲಿ ದೊಡ್ಡವನಾಗಿದ್ದರೆ. ಮೊದಲ ಸಲ ನೋಡಿದಾಗ ಕಣ್ಣು ತುಂಬಿ ಬಂತು. ನಿಮ್ಮ ಪುಸ್ತಕಕ್ಕೆ ‘ಪಿಚರ್ ಏನು ಮಾಡಿದ’ ಅನ್ನೋ ಕಲಂ ಹಾಕಿ ಪ್ಲೀಸ್.

ಅಂದಹಾಗೆ ಬಿಜಿಯೊಗೆ 268ನೇದು ಹಾಕಿದ ಕಿಮ್ ಬ್ಯೂಂಗ್ ಹ್ಯೂನ್ ಇಲ್ಲಿಯ ಗ್ವಾಂಗ್‌ಜು ಊರಿನವನು!

ಕಿರ್ದಿ_ಹ್ಯೂಸ್ಟನ್:

ಎಲ್ಲರಿಗೂ ಉತ್ತರ ಬರೆಯಲು ಮೂರು ದಿನ ಹಿಡಿಯಿತು. ಪುಸ್ತಕ ಪೂರ್ತಿ ಮತ್ತೆ ಓದಿದೆ.

ಸುವನ್, ಹೌದು, 268 ನನಗೆ ಬಾಯಿಪಾಠ. 2005ರ ಜೂನ್ 29, ಕೊಲರಾಡೊ ರಾಕೀಸ್ ಎದುರು, ಪಕ್ಕದಿಂದ ಕೈ ಬೀಸಿ ಎಸೆಯುವ ಕಿಮ್. ಅಲ್ಲಿಯವರೆಗೆ ಆಧುನಿಕ ಕಾಲದ (1900ರ ನಂತರದ) ದಾಖಲೆ ಡಾನ್ ಬೇಲರ್ ಹೆಸರಲ್ಲಿ 267. ಆ ಬೇಲರ್ ರಾಕೀಸ್ ತಂಡದ ಮೊಟ್ಟಮೊದಲ ಮ್ಯಾನೇಜರ್ ಆಗಿದ್ದವನು. ಪೆಟ್ಟು ಬಿದ್ದ ಜಾಗವನ್ನು ಎಲ್ಲರೆದುರು ಉಜ್ಜಿಕೊಳ್ಳಬಾರದು ಅನ್ನುವುದು ಅವನ ನೇಮ. ಮನೆಯಲ್ಲಿ ಒಬ್ಬನೇ ಇದ್ದೆ. ಎದ್ದು ನಿಂತು ಚಪ್ಪಾಳೆ ಹೊಡೆದೆ.

ಆಗ ಇನ್ನು 20 ತಿಂದರೆ ಜೆನ್ನಿಂಗ್ಸ್ ದಾಟುತ್ತಾನೆ ಅಂತ ಲೆಕ್ಕ ಹಾಕಿದ್ದೆ. ಜೆನ್ನಿಂಗ್ಸ್ ಅಂದರೆ 1896ರಲ್ಲಿ ಬಾಲ್ಟಿಮೋರ್ ಪರ ಒಂದೇ ಸೀಸನ್ನಿನಲ್ಲಿ 51 ತಿಂದವನು. ಅದನ್ನು ಇವತ್ತಿಗೂ ಅಮೆರಿಕದಲ್ಲಿ ಯಾರೂ ಮುಟ್ಟಿಲ್ಲ. 1971ರಲ್ಲಿ ಮಾಂಟ್ರಿಯಲ್‌ನ ರಾನ್ ಹಂಟ್ 50ಕ್ಕೆ ನಿಂತ. ಬಿಜಿಯೊ 2005ರ ಕೊನೆಗೆ 273, 2006ರಲ್ಲಿ 9 ಸೇರಿ 282. ಕೊನೆಯ ವರ್ಷ 2007. ಎಲ್ಲರೂ ಅವನ 3,000ನೇ ಹಿಟ್ಟಿಗೆ ಕಾದರು. ಅದು ಜೂನ್ 28ಕ್ಕೆ ಬಂತು, ಆ ದಿನ ಅವನು ಐದು ಹಿಟ್ ಹೊಡೆದ, ನಾನೂ ಕುಣಿದೆ. ಆದರೆ ಒಳಗೊಳಗೆ ಕಾಯುತ್ತಿದ್ದದ್ದು ಇನ್ನೊಂದಕ್ಕೆ. ಆ ಇಡೀ ವರ್ಷ ಬಿದ್ದದ್ದು ಮೂರೇ ಪೆಟ್ಟು. ಸೆಪ್ಟೆಂಬರ್ 30, ಅಟ್ಲಾಂಟಾ ಎದುರು ಕೊನೆಯ ಪಂದ್ಯ, ನಾನು ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪ್ರತಿ ಸಲ ಅವನು ಪ್ಲೇಟಿಗೆ ಬಂದಾಗ ಎದೆ ಹೊಡೆದುಕೊಳ್ಳುತ್ತಿತ್ತು. 41 ವರ್ಷದವನಿಗೆ ಪೆಟ್ಟು ಬೀಳಲಿ ಅಂತ ಬಯಸುವುದು ಸರಿಯೇ? ಅವತ್ತು ಹಾಗೆ ಬಯಸಿದ್ದು ನಿಜ. ಬೀಳಲಿಲ್ಲ.

ಹಳೇ_ಚೆಂಡು ಅವರೇ, ಅದಕ್ಕೇ ನಿಮ್ಮ ಮಾತು ತಟ್ಟಿತು. ಚ್ಯಾಪ್‌ಮನ್ ಹೆಸರಿಗೆ ಮೊದಲ ಪುಟ. ಅಪ್ಪಯ್ಯ ಕಿರ್ದಿಯ ಮೊದಲ ಹಾಳೆಯಲ್ಲಿ ‘ಶ್ರೀ’ ಬರೆದು ಉಳಿದದ್ದನ್ನು ಖಾಲಿ ಬಿಡುತ್ತಿದ್ದರು. ಹಾಗೇ ಹೆಸರು, ತಾರೀಖು ಬರೆದು ಖಾಲಿ ಬಿಡುತ್ತೇನೆ.

ಅಕ್ಕಾ, ನಿಮ್ಮ ಖರೀದಿಯ ಪದ್ಧತಿಯನ್ನೇ ಹಿಡಿಯುತ್ತೇನೆ. ಅದರ ಪ್ರಕಾರ 1997ನ್ನು ಬರೆದು ನೋಡಿದೆ: 34 ಕೊಟ್ಟ, 34 ಬೇಸ್ ಬಂತು. ಮಗಳು ಮೇಜಿನ ಆಚೆಯಿಂದ ‘ಹೇಳಲಿಲ್ವಾ’ ಅಂದಳು.

ಒಂದು ಸಾಲು ಮಾತ್ರ ಎಲ್ಲೂ ಕೂರುತ್ತಿಲ್ಲ. ಅದು ಬಿಜಿಯೊದ್ದಲ್ಲ. ಆದರೂ ಆವತ್ತೇ ಕೋಪದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೆ. 2005ರ ಅಕ್ಟೋಬರ್ 23, ಶಿಕಾಗೊ, ವರ್ಲ್ಡ್ ಸೀರೀಸ್ (ವರ್ಷದ ಕೊನೆಯ ಚಾಂಪಿಯನ್ ಸರಣಿ) ಎರಡನೇ ಪಂದ್ಯ. ಹ್ಯೂಸ್ಟನ್ ಮೊಟ್ಟಮೊದಲ ಸಲ ಅಲ್ಲಿಗೆ ತಲುಪಿತ್ತು. ಏಳನೇ ಇನಿಂಗ್, ನಾವು 4–2 ಮುಂದೆ, ಇಬ್ಬರು ಔಟ್. ವೈಟ್ ಸಾಕ್ಸ್‌ನ ಜರ್ಮೇನ್ ಡೈ ಎದುರು ಡ್ಯಾನ್ ವೀಲರ್ ಎಸೆದ ಚೆಂಡು ತಗುಲಿತು ಅಂತ ಅಂಪೈರ್ ಬೇಸ್ ಕೊಟ್ಟರು. ಮರುಪ್ರಸಾರದಲ್ಲಿ ಕಂಡದ್ದು ಬೇರೆ: ಚೆಂಡು ಬಡಿದದ್ದು ಬ್ಯಾಟಿಗೆ. ಮೂರೂ ಬೇಸ್ ತುಂಬಿತು. ಪಿಚರ್ ಬದಲಾದ. ಹೊಸಬ ಚಾಡ್ ಕ್ವಾಲ್ಸ್ ಎಸೆದ ಮೊದಲ ಚೆಂಡನ್ನೇ ಪಾಲ್ ಕೊನೆರ್ಕೊ ಗ್ರ್ಯಾಂಡ್ ಸ್ಲ್ಯಾಮ್ ಹೊಡೆದ, ಒಂದೇ ಹೊಡೆತಕ್ಕೆ ನಾಲ್ಕು ರನ್. ಒಂಬತ್ತನೆಯದರಲ್ಲಿ ನಾವು 6–6 ಮಾಡಿದರೂ ಕೊನೆಗೆ 7–6 ಸೋತೆವು, ಸರಣಿ 4–0. ಆ ಇಪ್ಪತ್ತು ವರ್ಷದಲ್ಲಿ ಬಿಜಿಯೊ ವರ್ಲ್ಡ್ ಸೀರೀಸ್ ಆಡಿದ್ದು ಅದೊಂದೇ ಸಲ. 285 ಸಲ ಮೈ ಕೊಟ್ಟವನು ಎರಡನೇ ಬೇಸಿನ ಬಳಿ ನಿಂತು, ಮೈಗೆ ತಾಗದ ಒಂದು ಪೆಟ್ಟನ್ನು ನೋಡುತ್ತಿದ್ದ.

ಅಕ್ಕಾ, ಏನೂ ಕೊಡದೆ ಮಾಲು ಬಂದರೆ ಅದನ್ನು ಯಾವ ಖಾತೆಗೆ ಬರೆಯುತ್ತಾರೆ?

ನಿವೃತ್ತ_ಕ್ಯಾಶಿಯರ್:

ತಮ್ಮಾ, ಅದಕ್ಕೆ ನಮ್ಮಲ್ಲಿ ಅನಾಮತ್ತು ಖಾತೆ ಅಂತ ಇರುತ್ತಿತ್ತು. ಎಲ್ಲೂ ಕೂರದ್ದನ್ನು ತಾತ್ಕಾಲಿಕವಾಗಿ ಅಲ್ಲಿಗೆ ಹಾಕಿ, ಸತ್ಯ ಗೊತ್ತಾದ ಮೇಲೆ ತಿದ್ದುವುದು. ಡೈ ಅವನ ಸಾಲು, ಮೇಲೆ ಅಂಪೈರ್ ಅವರು ಹೇಳಿದ ಡೀಟ್ಜ್ ಸಾಲು, ಎರಡನ್ನೂ ಅಲ್ಲಿಗೇ ಹಾಕು. ಒಬ್ಬನಿಗೆ ಬಂದದ್ದು, ಇನ್ನೊಬ್ಬನಿಗೆ ಬರಬೇಕಾಗಿದ್ದದ್ದು. ಶಿಲ್ಕು, ಅಂದರೆ ಉಳಿಕೆ, ಸೊನ್ನೆ ಬರುತ್ತದೆ.

ಪ್ಲೇಟ್‌_ಹಿಂದೆ:

ಅಕ್ಕಾ, ಡೀಟ್ಜ್‌ಗೆ ಬರಬೇಕಾಗಿತ್ತು ಅಂತ ನಾನು ಒಪ್ಪಲ್ಲ! ವೆಂಡಲ್‌ಸ್ಟೆಟ್ ಮಾಡಿದ್ದು ಸರಿ. ಆ ಸಾಲು ಸ್ಟ್ರೈಕ್, ಬಾಲ್ ಇರೋ ಕಡೆಗೇ ಹೋಗಬೇಕು.

ಕಿರ್ದಿ_ಹ್ಯೂಸ್ಟನ್:

ಡೈ ಅನಾಮತ್ತಿಗೆ ಹೋದ. ಡೀಟ್ಜ್ ವಿಷಯ ನೀವಿಬ್ಬರೂ ತೀರ್ಮಾನಿಸಿ ಹೇಳಿ, ಅಲ್ಲಿಯವರೆಗೆ ಪೆನ್ಸಿಲ್ಲಿನಲ್ಲಿ ಬರೆದಿರುತ್ತೇನೆ. ಸುವನ್, ಛೋಯ್ ಜಂಗ್ ಈ ಸೀಸನ್ನಿನಲ್ಲಿ ಪೆಟ್ಟು ತಿಂದಾಗಲೆಲ್ಲ ಎಲ್ಲಿ ಬಿತ್ತು, ಪಿಚರ್ ಟೋಪಿ ತೆಗೆದನೇ ಅಂತ ಒಂದೊಂದು ಸಾಲು ಕಳಿಸ್ತೀರಾ? ಪುಸ್ತಕದ ಕೊನೆಯಲ್ಲಿ ಇನ್ನೂ ಹನ್ನೆರಡು ಹಾಳೆ ಖಾಲಿ ಇದೆ.